ಎರಡು ಸೈಲೆನ್ಸರ್ ಇದ್ದರೆ ಯೆಜ್ಡಿ ಆಗಿಬಿಡುತ್ತದೆಯೇ?

3,000 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ ಮೂರು ಸಾವಿರ ಸುತ್ತಿನಲ್ಲಿ ಓಡುವ ಹಳೆಯ ಯೆಜ್ಡಿ ಬೈಕಿನ ಟೂ ಸ್ಟ್ರೋಕ್ ಸಿಲಿಂಡರಿನೊಳಗೆ, ಪ್ರತಿ ಸುತ್ತಿಗೂ ಒಂದರಂತೆ, ಸೆಕೆಂಡಿಗೆ 50 ಸಲ ಬೆಂಕಿ ಹತ್ತುತ್ತದೆ. ಅಷ್ಟೇ ವೇಗದಲ್ಲಿ ತಿರುಗುವ ಇವತ್ತಿನ ಒಂಟಿ ಸಿಲಿಂಡರಿನ ಫೋರ್ ಸ್ಟ್ರೋಕ್‌ನಲ್ಲಿ ಎರಡು ಸುತ್ತಿಗೆ ಒಂದೇ, ಹಾಗಾಗಿ 25 ಸಲ. ಹೊಸ ಎಂಜಿನ್ ಹಳೆಯದನ್ನು ನೆನಪಿಸುತ್ತದೋ ಇಲ್ಲವೋ ಎಂಬ ಜಗಳದ ಮುಕ್ಕಾಲು ಪಾಲು ಈ ಕಾಣೆಯಾದ 25ರಲ್ಲೇ ಇದೆ. ಟ್ಯಾಂಕ್ ಮೇಲಿನ ಹೆಸರು, ಕ್ರೋಮ್, ಎರಡೂ ಪಕ್ಕದ ಸೈಲೆನ್ಸರ್ ಎಲ್ಲ ಸೇರಿ ಉಳಿದ ಕಾಲು ಪಾಲು.

ಮೈಸೂರಿನಲ್ಲಿ ಈ ಜಗಳ ಜೋರು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ 1960ರ ದಶಕದ ಆರಂಭದಲ್ಲಿ ಜಾವಾ ಹೆಸರಿನಲ್ಲಿ, 1970ರ ದಶಕದಿಂದ ಯೆಜ್ಡಿ ಹೆಸರಿನಲ್ಲಿ ಬಂದ ಗಾಡಿಗಳ ತಯಾರಿ 1996ರಲ್ಲಿ ನಿಂತುಹೋಯಿತು. ಕೊನೆಯ ಗಾಡಿಗೂ ಈಗ ಮೂವತ್ತರ ಹತ್ತಿರ ವಯಸ್ಸು. ಆದರೂ ಜುಲೈ ತಿಂಗಳ ಎರಡನೇ ಭಾನುವಾರದ ಜಾವಾ ದಿನಕ್ಕೆ ಅವು ಹೊಗೆ ಬಿಡುತ್ತಾ ಸಾಲುಗಟ್ಟುತ್ತವೆ. ಅದೇ ಹೆಸರುಗಳು ಈಗ ಬೇರೆ ಕಂಪನಿಯ ಗಾಡಿಗಳ ಮೇಲೆ ಮರಳಿವೆ. ಇಂಥ ಊರಿನಲ್ಲಿ ‘ಹೊಸ ಎಂಜಿನ್ ಬರುತ್ತಂತೆ’ ಎಂಬ ಮಾತು ಕಿವಿಗೆ ಬಿದ್ದರೆ ಮೊದಲ ಪ್ರಶ್ನೆ ಬೆಲೆಯದ್ದಲ್ಲ. ‘ಸೌಂಡ್ ಹೆಂಗಿರುತ್ತೆ?’

ಪ್ರಶ್ನೆ ತಪ್ಪಲ್ಲ, ಅರ್ಧ ಅಷ್ಟೆ. ಆ ಸದ್ದನ್ನು ಕಾನೂನು ಇನ್ನು ಬಿಡುವುದಿಲ್ಲ. ಆದರೆ ಸದ್ದಿನ ಜೊತೆಗಿದ್ದ ಇನ್ನೆರಡು ಗುಣಗಳು, ಅಂದರೆ ಕೆಳಗಿನ ಆರ್‌ಪಿಎಂನಲ್ಲೇ ಎಳೆಯುವ ತಾಕತ್ತು ಮತ್ತು ಸಣ್ಣ ಗ್ಯಾರೇಜಿನಲ್ಲೇ ಬಿಚ್ಚಿ ಕಟ್ಟಬಹುದಾದ ಸರಳತೆ, ಇವತ್ತೂ ಸಾಧ್ಯ. ಹೊಸ ಎಂಜಿನ್ ಕಾಯುತ್ತಿರುವವರು ಹಠ ಹಿಡಿಯಬೇಕಾದ್ದು ಈ ಎರಡಕ್ಕೆ.

ಕಾರಿನವರು ಇದನ್ನು ಹೇಗೆ ಮಾಡಿದರು

ಹಳೆಯ ಎಂಜಿನ್ನಿನ ನೆನಪನ್ನು ಹೊಸದರಲ್ಲಿ ಕಟ್ಟುವ ಕೆಲಸ ಸ್ಪೋರ್ಟ್ಸ್ ಕಾರಿನ ಲೋಕದಲ್ಲಿ ಚೆನ್ನಾಗಿ ನಡೆದಿದೆ, ಕೆಟ್ಟದಾಗಿಯೂ ನಡೆದಿದೆ. ಚೆನ್ನಾಗಿ ನಡೆದದ್ದು ಗಾರ್ಡನ್ ಮರ್ರಿಯವರ ಟಿ.50. ಅವರೇ ವಿನ್ಯಾಸ ಮಾಡಿದ 1992ರ ಮೆಕ್ಲಾರೆನ್ ಎಫ್1 ಕಾರಿನಲ್ಲಿ ಬಿಎಂಡಬ್ಲ್ಯೂದ 6.1 ಲೀಟರ್ ವಿ12 ಇತ್ತು. 2020ರಲ್ಲಿ ಹೊರಬಂದ ಟಿ.50ಯಲ್ಲಿ ಕಾಸ್ವರ್ತ್ ಮಾಡಿದ 3.9 ಲೀಟರ್ ವಿ12, ತಿರುಗುವ ಮಿತಿ 12,100 ಆರ್‌ಪಿಎಂ. ಗಾತ್ರ ಮೂರನೇ ಒಂದರಷ್ಟು ಇಳಿಯಿತು, ಕಂಪನಿಯೇ ಬದಲಾಯಿತು. ಉಳಿಸಿಕೊಂಡದ್ದು ಹನ್ನೆರಡು ಸಿಲಿಂಡರು, ಟರ್ಬೊ ಇಲ್ಲದ ಉಸಿರಾಟ, ಕಾಲಿನ ಕ್ಲಚ್ಚು, ಕೈಯ ಗೇರು, ಮಧ್ಯದ ಸೀಟು. ಹಳೆಯದನ್ನು ಓಡಿಸಿದವನಿಗೆ ನೆನಪು ಬರುವುದು ಇವುಗಳಿಂದಲೇ ಹೊರತು ಸಿಸಿಯಿಂದಲ್ಲ ಎಂಬ ಲೆಕ್ಕ ಅದು.

ಇನ್ನೊಂದು ದಾರಿಯೂ ಇದೆ. 2011ರಲ್ಲಿ ಬಂದ ಬಿಎಂಡಬ್ಲ್ಯೂ ಎಂ5ನಲ್ಲಿ ಹಳೆಯ ವಿ10 ಹೋಗಿ ಟರ್ಬೊ ಇರುವ ವಿ8 ಬಂತು. ಟರ್ಬೊ ಸದ್ದನ್ನು ನುಂಗುತ್ತದೆ. ಹಾಗಾಗಿ ಎಂಜಿನ್ನಿನ ಸದ್ದನ್ನು ಕಾರಿನ ಸ್ಪೀಕರಿನಿಂದಲೇ ಕೇಳಿಸುವ ಏರ್ಪಾಡು ಮಾಡಿದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅಂದಂತೆ. ಬೈಕಿನಲ್ಲಿ ಸ್ಪೀಕರ್ ಇಲ್ಲ, ಆ ಜಾಗದಲ್ಲಿ ಎರಡನೇ ಸೈಲೆನ್ಸರ್ ಇದೆ.

ಹಳೆಯದರ ಒಳಗೆ ಏನಿತ್ತು

ಮೈಸೂರಿನ 250 ಸಿಸಿ ಗಾಡಿಯ ಬೋರ್ (ಸಿಲಿಂಡರಿನ ಅಗಲ) 65 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 75 ಮಿ.ಮೀ., ಒಟ್ಟು 248.5 ಸಿಸಿ. ಎರಕದ ಕಬ್ಬಿಣದ ಬ್ಯಾರಲ್, ಅಲ್ಯುಮಿನಿಯಂ ಹೆಡ್, ನಾಲ್ಕು ಗೇರು. ಆರಂಭದ ಜಾವಾಕ್ಕೆ 12 ಬಿಎಚ್‌ಪಿ, ಕೊನೆಗಾಲದ ಯೆಜ್ಡಿ ರೋಡ್‌ಕಿಂಗ್‌ಗೆ 16. ಒಳಗೆ ಮುಖ್ಯವಾಗಿ ಓಡಾಡುವುದು ಪಿಸ್ಟನ್, ಕನೆಕ್ಟಿಂಗ್ ರಾಡ್, ಕ್ರ್ಯಾಂಕ್. ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಟೈಮಿಂಗ್ ಚೈನ್ ಇಲ್ಲ. ಮಿಶ್ರಣ ಬರುವ, ಹೊಗೆ ಹೋಗುವ ಬಾಗಿಲನ್ನು ತೆಗೆದು ಮುಚ್ಚುವ ಕೆಲಸವನ್ನು ಪಿಸ್ಟನ್ನೇ ಮಾಡುತ್ತದೆ.

ಎರಡು ಸೈಲೆನ್ಸರ್ ಅಲಂಕಾರಕ್ಕೆ ಬಂದದ್ದಲ್ಲ. ಟೂ ಸ್ಟ್ರೋಕಿನಲ್ಲಿ ಹೊಗೆ ಹೊರಹೋಗುವ ಬಾಯಿ ಸಿಲಿಂಡರ್ ಗೋಡೆಯಲ್ಲೇ ಇರುತ್ತದೆ. ಅದು ದೊಡ್ಡದಿದ್ದಷ್ಟೂ ಹೊಗೆ ಬೇಗ ಖಾಲಿ. ಆದರೆ ಒಂದೇ ಬಾಯನ್ನು ತೀರಾ ಅಗಲ ಮಾಡಿದರೆ ಪಿಸ್ಟನ್ ರಿಂಗ್ ಅದರೊಳಕ್ಕೆ ಉಬ್ಬಿ, ಅಂಚಿಗೆ ಸಿಕ್ಕಿ ಮುರಿಯುತ್ತದೆ. ಅದನ್ನು ಎರಡು ಬಾಯಿಯಾಗಿ ಒಡೆದರೆ ನಡುವಿನ ಗೋಡೆ ರಿಂಗಿಗೆ ಆಸರೆ. ಎರಡು ಬಾಯಿ ಅಂದಮೇಲೆ ಎರಡು ಬೆಂಡ್ ಪೈಪು, ಎರಡು ಸೈಲೆನ್ಸರು. ಇದರ ಅಡ್ಡಪರಿಣಾಮವೂ ಉಂಟು. ಒಂದು ಕಡೆ ಕಾರ್ಬನ್ ಕಟ್ಟಿಕೊಂಡರೂ ಇನ್ನೊಂದು ಕಡೆಯಿಂದ ಗಾಡಿ ಓಡುತ್ತಲೇ ಇರುತ್ತದೆ. ಪಿಕಪ್ ನಿಧಾನವಾಗಿ ಸಾಯುತ್ತದೆ, ಮಾಲೀಕ ಕಾರ್ಬುರೇಟರನ್ನು ಬೈಯುತ್ತಾ ಕೂರುತ್ತಾನೆ. ಐಡ್ಲಿಂಗ್‌ನಲ್ಲಿ ಎರಡೂ ಸೈಲೆನ್ಸರ್ ತುದಿಯ ಹಿಂದೆ ಒಂದೊಂದು ಅಂಗೈ ಹಿಡಿದರೆ ಗೊತ್ತಾಗಿಬಿಡುತ್ತದೆ: ಒಂದು ಕಡೆ ಗಾಳಿ ತಳ್ಳುತ್ತದೆ, ಇನ್ನೊಂದು ಕಡೆ ಬರೀ ಬಿಸಿ. ಆಗ ಒಳಗಿನ ಬ್ಯಾಫಲ್ (ಸದ್ದು ತಗ್ಗಿಸುವ ಕೊಳವೆ) ತೆಗೆದು ಕಾಸ್ಟಿಕ್ ಸೋಡಾ ನೀರಿನಲ್ಲಿ ನೆನೆಹಾಕಬೇಕು. ಬ್ಯಾರಲ್ ಬಾಯಿಯ ಕರಿಯನ್ನು ಪಿಸ್ಟನ್ ಕೆಳಗಿಳಿಸಿ ಮರದ ಕಡ್ಡಿಯಿಂದಲೋ ಅಲ್ಯುಮಿನಿಯಂ ಪಟ್ಟಿಯಿಂದಲೋ ಕೆರೆಯಬೇಕು, ಸ್ಕ್ರೂಡ್ರೈವರ್ ಹಾಕಿದರೆ ಗೀರು ಖಂಡಿತ.

ಐಡ್ಲಿಂಗ್‌ನಲ್ಲಿ ಕುಂಟುತ್ತಾ ಬರುವ ಆ ‘ಡಂ... ಡಂಡಂ... ಡಂ’ಗೆ ಜನ ಮರುಳಾಗುವುದು. ಅದೊಂದು ದೋಷ! ಥ್ರಾಟಲ್ ಮುಚ್ಚಿದಾಗ ಹೊಸ ಮಿಶ್ರಣ ಸ್ವಲ್ಪವೇ ಬರುತ್ತದೆ, ಸಿಲಿಂಡರಿನಲ್ಲಿ ಹಿಂದಿನ ಸುತ್ತಿನ ಹೊಗೆ ಜಾಸ್ತಿ ಉಳಿದಿರುತ್ತದೆ. ಒಂದು ಸುತ್ತು ಕಿಡಿ ಬಿದ್ದರೂ ಹತ್ತುವುದಿಲ್ಲ. ಮುಂದಿನ ಸುತ್ತಿಗೆ ಇನ್ನಷ್ಟು ಹೊಸ ಮಿಶ್ರಣ ಸೇರಿ ಹತ್ತುತ್ತದೆ. ಹಾಗಾಗಿ ತಾಳ ತಪ್ಪುತ್ತದೆ. ಥ್ರಾಟಲ್ ತೆಗೆದ ಕೂಡಲೇ ಪ್ರತಿ ಸುತ್ತೂ ಹತ್ತಿ ಸದ್ದು ಒಂದೇ ಎಳೆಯಾಗುತ್ತದೆ. ಕುಂಟುವಿಕೆಯಿಂದ ಎಳೆಗೆ ದಾಟುವ ಆ ಕ್ಷಣವೇ ಯೆಜ್ಡಿಯ ಸಹಿ.

ಸದ್ದಿನ ತೀಕ್ಷ್ಣತೆಗೆ ಇನ್ನೊಂದು ಕಾರಣವಿದೆ. ಫೋರ್ ಸ್ಟ್ರೋಕಿನಲ್ಲಿ ಕ್ಯಾಮ್ ವಾಲ್ವನ್ನು ನಿಧಾನವಾಗಿ ಎತ್ತುತ್ತದೆ. ಟೂ ಸ್ಟ್ರೋಕಿನಲ್ಲಿ ವೇಗವಾಗಿ ಇಳಿಯುತ್ತಿರುವ ಪಿಸ್ಟನ್ ಅಗಲವಾದ ಬಾಯನ್ನು ಒಮ್ಮೆಲೇ ತೆರೆದುಬಿಡುತ್ತದೆ. ಒತ್ತಡ ಏಟು ಹೊಡೆದ ಹಾಗೆ ಪೈಪಿಗೆ ನುಗ್ಗುತ್ತದೆ. ಇದನ್ನು ಫೋರ್ ಸ್ಟ್ರೋಕಿನ ಸೈಲೆನ್ಸರ್ ಕೊರೆದು ಪಡೆಯಲು ಹೋದವರಿಗೆ ಸಿಗುವುದು ಕರ್ಕಶ ಸದ್ದು ಮತ್ತು ಪೊಲೀಸರ ದಂಡದ ಚೀಟಿ.

ಬೆಟ್ಟ ಇಳಿಯುವಾಗಿನ ಅಪಾಯ

ಈ ಎಂಜಿನ್ನಿನ ದೌರ್ಬಲ್ಯ ನೋಡಬೇಕೆಂದರೆ ಚಾಮುಂಡಿ ಬೆಟ್ಟ ಹತ್ತುವಾಗ ಅಲ್ಲ, ಇಳಿಯುವಾಗ ನೋಡಬೇಕು. ಎಣ್ಣೆ ಪೆಟ್ರೋಲಿನಲ್ಲೇ ಬೆರೆತಿರುತ್ತದೆ. ಕಾರ್ಖಾನೆಯ ಕಾಲದಲ್ಲಿ ಲೀಟರಿಗೆ 40ರಿಂದ 50 ಮಿ.ಲೀ., ಅಂದರೆ 25ಕ್ಕೆ ಒಂದು ಅಥವಾ 20ಕ್ಕೆ ಒಂದು. ಈಗಿನ ಒಳ್ಳೆಯ ದರ್ಜೆಯ 2ಟಿ (ಟೂ ಸ್ಟ್ರೋಕ್) ಎಣ್ಣೆಯಾದರೆ 33 ಮಿ.ಲೀ. ಹಾಕಿ ಓಡಿಸುವವರೇ ಹೆಚ್ಚು. ಗೇರಿನಲ್ಲೇ, ಥ್ರಾಟಲ್ ಪೂರ್ತಿ ಮುಚ್ಚಿ, ಎಂಜಿನ್ ಬ್ರೇಕಿನ ಮೇಲೆ ಬೆಟ್ಟ ಇಳಿಸಿದಿರಿ ಅನ್ನಿ. ಎಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಪೆಟ್ರೋಲು ಬರುತ್ತಿರುವುದಿಲ್ಲ. ಪೆಟ್ರೋಲಿನ ಜೊತೆಗೇ ಬರಬೇಕಾದ ಎಣ್ಣೆಯೂ ಬರುವುದಿಲ್ಲ. ಹತ್ತುವಾಗ ಕಾದ ಪಿಸ್ಟನ್ ಇನ್ನೂ ಬಿಸಿಯಾಗಿಯೇ ಇರುತ್ತದೆ. ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ಸೀಜ್ ಆಗುವುದು ಇಲ್ಲಿ. ಹಿಂದಿನ ಚಕ್ರ ಲಾಕ್ ಆಗಿ ಗಾಡಿ ಜಾರುತ್ತದೆ. ಅದಕ್ಕೇ ತಿಳಿದವರು ಇಳಿಜಾರಿನಲ್ಲಿ ಆಗಾಗ ಕ್ಲಚ್ ಹಿಡಿದು ಒಂದೊಂದು ಸಲ ಥ್ರಾಟಲ್ ತಿರುವುತ್ತಾರೆ, ಒಂದು ಗುಟುಕು ಎಣ್ಣೆ ಕುಡಿಸಲು. ನೋಡುವವರಿಗೆ ಅದು ಶೋಕಿಯ ಹಾಗೆ ಕಾಣುತ್ತದೆ.

ಕ್ರ್ಯಾಂಕಿನ ಎರಡು ಬದಿಯ ಸೀಲುಗಳದ್ದು ಇನ್ನೊಂದು ಕಥೆ. ಟೂ ಸ್ಟ್ರೋಕಿಗೆ ಕ್ರ್ಯಾಂಕ್ ಕೋಣೆಯೇ ಪಂಪು, ಅದು ಗಾಳಿಯಾಡದಂತೆ ಇರಬೇಕು. ಎಡಗಡೆ ಕ್ಲಚ್ ಬದಿಯ ಸೀಲ್ ಹೋದರೆ ಗೇರ್‌ಬಾಕ್ಸ್ ಎಣ್ಣೆಯನ್ನು ಒಳಗೆಳೆದುಕೊಂಡು ದಟ್ಟ ಬಿಳಿ ಹೊಗೆ ಬಿಡುತ್ತದೆ, ಗೇರ್ ಎಣ್ಣೆ ಮಟ್ಟ ಇಳಿಯುತ್ತಾ ಹೋಗುತ್ತದೆ. ಬಲಗಡೆ ಡೈನಮೊ ಬದಿಯದ್ದು ಹೋದರೆ ಹೊಗೆ ಕಾಣುವುದಿಲ್ಲ. ಗಾಳಿ ನುಗ್ಗಿ ಮಿಶ್ರಣ ತೆಳುವಾಗುತ್ತದೆ, ಥ್ರಾಟಲ್ ಬಿಟ್ಟರೂ ಎಂಜಿನ್ ಕೆಳಗಿಳಿಯದೆ ಕಿರುಚುತ್ತಿರುತ್ತದೆ. ಇವೆರಡರಲ್ಲಿ ಹೆಚ್ಚು ಅಪಾಯ ಹೊಗೆ ಬಿಡದ ಎರಡನೆಯದೇ.

ಇಷ್ಟಾದರೂ ಸೀಲ್, ಪಾಯಿಂಟ್ (ಕಿಡಿಯ ಸಮಯ ಹಿಡಿಯುವ ಸ್ವಿಚ್ಚು), ಪ್ಲಗ್, ಜೆಟ್ (ಕಾರ್ಬುರೇಟರಿನಲ್ಲಿ ಪೆಟ್ರೋಲು ಬರುವ ತೂತು) ನಾಲ್ಕೂ ನೂರಾರು ರೂಪಾಯಿಯ ಮಾತು. ಪಾಯಿಂಟ್ ಗ್ಯಾಪ್ 0.4 ಮಿ.ಮೀ. ಇಟ್ಟು, ಟೈಮಿಂಗ್ ಸರಿ ಮಾಡಿ, ಪ್ಲಗ್ ಒರೆಸಿದರೆ ನೂರರಲ್ಲಿ ತೊಂಬತ್ತು ಸಲ ಗಾಡಿ ಸ್ಟಾರ್ಟ್. ಕಿಕ್ಕರನ್ನೇ ಮುಂದಕ್ಕೆ ಮಡಚಿ ಗೇರ್ ಲಿವರ್ ಮಾಡಿಕೊಳ್ಳುವ, ಗೇರ್ ಒತ್ತಿದರೆ ಕ್ಲಚ್ ತಾನೇ ಬಿಡುವ ವ್ಯವಸ್ಥೆ ಅದರಲ್ಲಿತ್ತು. ಕ್ಲಚ್ ವೈರ್ ತುಂಡಾದರೂ ಮನೆ ಸೇರಬಹುದಿತ್ತು.

ಅದು ಯಾಕೆ ಮರಳಿ ಬರಲಾರದು

ಟೂ ಸ್ಟ್ರೋಕಿನಲ್ಲಿ ಹೊಗೆ ಹೊರಹೋಗುವ ಬಾಯಿ ಮತ್ತು ಹೊಸ ಮಿಶ್ರಣ ಒಳಬರುವ ಬಾಯಿ ಒಂದಷ್ಟು ಹೊತ್ತು ಒಟ್ಟಿಗೇ ತೆರೆದಿರುತ್ತವೆ. ಒಳಬಂದ ಪೆಟ್ರೋಲಿನ ಒಂದು ಪಾಲು ಸುಡದೆ ನೇರ ಸೈಲೆನ್ಸರಿಗೆ ಹೋಗುತ್ತದೆ. ಕಾರ್ಬುರೇಟರ್ ಇರುವ ಎಂಜಿನ್ನಿನಲ್ಲಿ ಇದು ಕಾಲು ಭಾಗ ಮುಟ್ಟಬಹುದು. ಹಿಂದೆ ಹೋಗುವವನ ಅಂಗಿಗೆ ಅಂಟುವ ವಾಸನೆ ಅದೇ.

ಕಾನೂನಿನ ಅಂಕಿ ನೋಡಿ. ಯೆಜ್ಡಿ ಕಾರ್ಖಾನೆ ಮುಚ್ಚಿದ 1996ರಲ್ಲಿ ಜಾರಿಗೆ ಬಂದ ನಿಯಮದಲ್ಲಿ ದ್ವಿಚಕ್ರ ವಾಹನ ಕಿಲೋಮೀಟರಿಗೆ ಹೈಡ್ರೊಕಾರ್ಬನ್ ಮತ್ತು ನೈಟ್ರೋಜನ್ ಆಕ್ಸೈಡ್ ಸೇರಿ 3.6 ಗ್ರಾಂ ಬಿಡಬಹುದಿತ್ತು. 2000ದಲ್ಲಿ ಅದು 2 ಗ್ರಾಂ. 2020ರ ಏಪ್ರಿಲ್‌ನಿಂದ ಬಿಎಸ್6 ಎಂಬ ಹೊಗೆ ನಿಯಮ: ಹೈಡ್ರೊಕಾರ್ಬನ್ 0.1 ಗ್ರಾಂ, ನೈಟ್ರೋಜನ್ ಆಕ್ಸೈಡ್ 0.06 ಗ್ರಾಂ. ಇಪ್ಪತ್ತಕ್ಕೂ ಹೆಚ್ಚು ಪಟ್ಟು ಬಿಗಿ. ಕ್ಯಾಟಲಿಟಿಕ್ ಕನ್ವರ್ಟರ್ ಹಾಕಿದರಾಯಿತಲ್ಲ ಎನ್ನಬಹುದು. ಟೂ ಸ್ಟ್ರೋಕಿನ ಹೊಗೆಯಲ್ಲಿ ಸುಡದ ಪೆಟ್ರೋಲಿನ ಜೊತೆ ಬಳಕೆಯಾಗದ ಆಮ್ಲಜನಕವೂ ಹೋಗುತ್ತದೆ. ಆಮ್ಲಜನಕ ಹೆಚ್ಚಾದರೆ ಕನ್ವರ್ಟರ್ ನೈಟ್ರೋಜನ್ ಆಕ್ಸೈಡನ್ನು ಒಡೆಯುವುದಿಲ್ಲ. ಅಷ್ಟು ಪೆಟ್ರೋಲು ಅದರೊಳಗೇ ಸುಟ್ಟರೆ ಕನ್ವರ್ಟರೇ ಕರಗುತ್ತದೆ. ಕೆಟಿಎಂ 2017ರಲ್ಲಿ ಫ್ಯೂಯೆಲ್ ಇಂಜೆಕ್ಷನ್ ಇರುವ ಟೂ ಸ್ಟ್ರೋಕನ್ನು ತಂದದ್ದು ನಿಜ. ಆದರೆ ಅವು ಕಾಡುದಾರಿಯ ಎಂಡ್ಯೂರೊ ಬೈಕುಗಳು, ದಿನಾ ಆಫೀಸಿಗೆ ಹೋಗಿಬರುವ ಗಾಡಿಗಳಲ್ಲ, ಬೆಲೆಯೂ ಆ ಮಟ್ಟದ್ದಲ್ಲ. ಯಮಹಾ ಆರ್‌ಎಕ್ಸ್ ಮರಳಿ ಬರುತ್ತದೆಂದು ಕಾಯುವವರಿಗೂ ಇದೇ ಮಾತು. ಹೆಸರು ಬರಬಹುದು, 50 ಮಿ.ಮೀ. ಬೋರ್, 50 ಮಿ.ಮೀ. ಸ್ಟ್ರೋಕಿನ ಆ 98 ಸಿಸಿ ಬರುವುದಿಲ್ಲ.

ಸಿಡಿತ ಅರ್ಧ ಆದದ್ದನ್ನು ಸಿಸಿ ಏರಿಸಿ ತುಂಬಿಕೊಳ್ಳುವುದು ಒಂದು ದಾರಿ. ಇದನ್ನು ಸದ್ದಿಲ್ಲದೆ ಸಾಧಿಸಿದ ಗಾಡಿ ನೋಡಬೇಕಿದ್ದರೆ ಮಂಡ್ಯದ ನಾಲೆ ಏರಿಯ ಮೇಲೆ ನಿಲ್ಲಿ: ಹಿಂದೆ ಹುಲ್ಲಿನ ಹೊರೆ, ಮುಂದೆ ಹಾಲಿನ ಕ್ಯಾನು ಇಟ್ಟುಕೊಂಡು ಬರುವ ಎಕ್ಸ್‌ಎಲ್. ಟಿವಿಎಸ್ ಅದರ 70 ಸಿಸಿ ಟೂ ಸ್ಟ್ರೋಕನ್ನು ತೆಗೆದು 2015ರಲ್ಲಿ 100 ಸಿಸಿ ಫೋರ್ ಸ್ಟ್ರೋಕ್ ಕೂರಿಸಿತು. ಗೇರಿಲ್ಲದ ಓಟ, ಮೂಟೆ ಇಡುವ ಜಾಗ, ಹಗುರ ಮೈ ಹಾಗೇ ಉಳಿದವು. ಸದ್ದು ಬದಲಾಯಿತು ಅಂತ ಯಾರೂ ಅತ್ತದ್ದು ಕಾಣೆ, ಯಾಕೆಂದರೆ ಕೆಲಸ ಬದಲಾಗಲಿಲ್ಲ.

81 ಬೈ 65

ಕ್ಲಾಸಿಕ್ ಲೆಜೆಂಡ್ಸ್ ಎಂಬ ಕಂಪನಿ 2018ರ ನವೆಂಬರ್‌ನಲ್ಲಿ ಜಾವಾವನ್ನು ಮತ್ತೆ ತಂದಾಗ ಅದೇ ಲೆಕ್ಕ ಹಾಕಿತು. 248.5 ಸಿಸಿ ಟೂ ಸ್ಟ್ರೋಕಿನ ಜಾಗಕ್ಕೆ 293 ಸಿಸಿ ಫೋರ್ ಸ್ಟ್ರೋಕ್, ಮುಂದೆ ಜಾವಾ ಪೆರಾಕ್ ಎಂಬ ಗಾಡಿಯಲ್ಲಿ 334 ಸಿಸಿ. 2022ರ ಜನವರಿಯಲ್ಲಿ ಯೆಜ್ಡಿ ಹೆಸರು ಮರಳಿದ್ದೂ ಈ 334ರ ಜೊತೆಗೇ. ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ, ಯಾದವಗಿರಿಯಲ್ಲಲ್ಲ. ಅದೊಂದು ಕೊರಗು ಇದ್ದೇ ಇದೆ. ಬಿಎಸ್6 ಬಂದಾಗ ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್ ಉಳಿಸಲು ‘ಕ್ರಾಸ್ ಪೋರ್ಟ್’ ಎಂಬ ವ್ಯವಸ್ಥೆಯನ್ನೂ ತಂದರು. ಹಳೆಯದರಲ್ಲಿ ರಿಂಗ್ ಉಳಿಸಲು ಬಂದ ಎರಡು ಪೈಪನ್ನು ಹೊಸದರಲ್ಲಿ ನೋಟ ಉಳಿಸಲು ಇಟ್ಟರು. ಎಂಜಿನಿಯರಿಂಗ್ ಕಷ್ಟದ್ದೇ, ಅನುಮಾನವಿಲ್ಲ. ಕಷ್ಟಪಟ್ಟ ಜಾಗ ಸರಿಯೇ ಎಂಬುದಷ್ಟೇ ತಕರಾರು.

ಯಾಕೆಂದರೆ 334ರ ಬೋರ್ 81 ಮಿ.ಮೀ., ಸ್ಟ್ರೋಕ್ 65 ಮಿ.ಮೀ. ಹಳೆಯದರ ಅಳತೆಗೆ ಪೂರ್ತಿ ತಿರುವುಮುರುವು. ಅಗಲ ಬೋರ್‌ನಲ್ಲಿ ದೊಡ್ಡ ವಾಲ್ವ್ ಕೂರಿಸಬಹುದು, ಮೇಲಿನ ಆರ್‌ಪಿಎಂನಲ್ಲಿ ಚೆನ್ನಾಗಿ ಉಸಿರಾಡುತ್ತದೆ. ಕೆಳಗೆ ಮಾತ್ರ ಗಾಳಿಯ ವೇಗ ಬಿದ್ದುಹೋಗುತ್ತದೆ. ಎರಡು ಓವರ್‌ಹೆಡ್ ಕ್ಯಾಮ್, ನೀರಿನಿಂದ ತಂಪಾಗುವ ವ್ಯವಸ್ಥೆ ಎಲ್ಲವೂ ಜೋರಾಗಿ ತಿರುಗಿಸುವ ಎಂಜಿನ್ನಿನ ಲಕ್ಷಣ. ಇದಕ್ಕೆ ಪಕ್ಕದ ಅಂಗಡಿಯ ಉತ್ತರ ನೋಡಿ. ರಾಯಲ್ ಎನ್‌ಫೀಲ್ಡ್‌ನ ಹಳೆಯ ಬುಲೆಟ್ 70 ಬೈ 90. ಮೀಟಿಯರ್ ಬೈಕಿನ ಜೊತೆ 2020ರಲ್ಲಿ ಬಂದ ಹೊಸ 349 ಸಿಸಿ 72 ಬೈ 85.8. ಒಂದೇ ಕ್ಯಾಮ್, ಎರಡೇ ವಾಲ್ವ್, ಗಾಳಿ ಮತ್ತು ಎಣ್ಣೆಯ ತಂಪು, 4,000 ಆರ್‌ಪಿಎಂನಲ್ಲೇ 27 ಎನ್‌ಎಂ ಟಾರ್ಕ್ (ತಿರುಗಿಸುವ ಬಲ). ಹಳೆಯದರ ಕಂಪನ ತೆಗೆಯಲು ಬ್ಯಾಲೆನ್ಸರ್ ಹಾಕಿದರು, ಅಳತೆಯ ಸ್ವಭಾವ ಬಿಡಲಿಲ್ಲ. ಜನರ ನೆನಪನ್ನು ಮೈಮೇಲಲ್ಲ, ಬೋರ್‌ ಸ್ಟ್ರೋಕಿನಲ್ಲಿ ಹುಡುಕಿದ್ದು ಅವರ ಜಾಣತನ.

ಉದ್ದ ಸ್ಟ್ರೋಕ್ ಇದ್ದ ಮಾತ್ರಕ್ಕೆ ಎಳೆತ ಬಂದುಬಿಡುವುದಿಲ್ಲ ಎಂಬುದನ್ನೂ ಹೇಳಬೇಕು. ಕ್ಯಾಮ್ ವಾಲ್ವನ್ನು ಎಷ್ಟು ಹೊತ್ತು ತೆರೆದಿಡುತ್ತದೆ, ಗಾಳಿ ಬರುವ ಕೊಳವೆ ಎಷ್ಟು ಉದ್ದ, ಫ್ಲೈವೀಲ್ ಎಷ್ಟು ಭಾರ ಎಂಬುದೆಲ್ಲ ಸೇರುತ್ತದೆ. ಇದಕ್ಕೆ ಜಾವಾದ್ದೇ ಸಾಕ್ಷಿ ಇದೆ. ಪೆರಾಕ್‌ನಲ್ಲಿ 30ರ ಆಸುಪಾಸು ಬಿಎಚ್‌ಪಿ ಕೊಡುತ್ತಿದ್ದ ಅದೇ 334 ಸಿಸಿಯನ್ನು 2024ರ ಜನವರಿಯ ಜಾವಾ 350ಕ್ಕೆ ಸುಮಾರು 22ಕ್ಕೆ ಇಳಿಸಿದರು. ಟಾರ್ಕ್ 28 ಎನ್‌ಎಂ, 5,000 ಆರ್‌ಪಿಎಂನಲ್ಲಿ. ಕಾಗದದ ಮೇಲೆ ಶಕ್ತಿ ಕಡಿಮೆ, ರಸ್ತೆಯ ಮೇಲೆ ಹಳೆಯದಕ್ಕೆ ಹತ್ತಿರ. ಇನ್ನೊಂದು ಲೆಕ್ಕ: 5,000 ಆರ್‌ಪಿಎಂನಲ್ಲಿ ಇದು ಸೆಕೆಂಡಿಗೆ ಸುಮಾರು 42 ಸಲ ಸಿಡಿಯುತ್ತದೆ. ಹಳೆಯ ಯೆಜ್ಡಿಗೆ ಆ 42 ಮುಟ್ಟಲು 2,500 ಸಾಕಿತ್ತು. ಕಿವಿಗೆ ಹಳೆಯದು ‘ಆರಾಮಾಗಿ ಓಡುತ್ತಿದೆ’ ಅನ್ನಿಸುತ್ತಿದ್ದ ಜಾಗದಲ್ಲಿ ಹೊಸದು ದುಡಿಯುತ್ತಿರುತ್ತದೆ.

ತೂಕವನ್ನಂತೂ ಯಾರೂ ಮಾತಾಡುವುದಿಲ್ಲ. ರೋಡ್‌ಕಿಂಗ್ ಸುಮಾರು 140 ಕೆ.ಜಿ.; ಈಗಿನವು 190ರ ಆಸುಪಾಸು. ಆ ಐವತ್ತು ಕೆ.ಜಿ.ಯನ್ನು ಯಾವ ಕ್ಯಾಮೂ ಮರೆಸಲಾರದು.

ಪ್ರತಿ ಸುತ್ತಿಗೂ ಸಿಡಿಯುವ ಫೋರ್ ಸ್ಟ್ರೋಕ್

ಸದ್ದೇ ಬೇಕು ಎಂದು ಹಠ ಹಿಡಿದವರಿಗೆ ಒಂದು ಒಳದಾರಿ ಇದೆ. ಎರಡು ಸಿಲಿಂಡರಿನ ಫೋರ್ ಸ್ಟ್ರೋಕಿನಲ್ಲಿ ಎರಡೂ ಪಿಸ್ಟನ್ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುವಂತೆ ಕ್ರ್ಯಾಂಕ್ ಮಾಡಿದರೆ, ಅಂದರೆ 360 ಡಿಗ್ರಿ ಕ್ರ್ಯಾಂಕ್, ಒಂದು ಸುತ್ತಿಗೆ ಒಂದು, ಮುಂದಿನ ಸುತ್ತಿಗೆ ಇನ್ನೊಂದು ಸಿಡಿಯುತ್ತದೆ. ಸಮ ಅಂತರ, ಪ್ರತಿ ಸುತ್ತಿಗೂ ಒಂದು. ಯೆಜ್ಡಿಯ ತಾಳವೇ ಅದು. ಹಳೆಯ ಬ್ರಿಟಿಷ್ ಟ್ವಿನ್‌ಗಳು ಹೀಗೇ ಇದ್ದವು. ಎನ್‌ಫೀಲ್ಡ್ 650 ಈ ದಾರಿ ಹಿಡಿಯದೆ 270 ಡಿಗ್ರಿ ಇಟ್ಟುಕೊಂಡದ್ದರಿಂದ ಅದರದ್ದು ಏರುಪೇರಿನ ತಾಳ. 360ರಲ್ಲಿ ಕಂಪನ ಒಂಟಿ ಸಿಲಿಂಡರಿನಷ್ಟೇ ಇರುತ್ತದೆ, ಬ್ಯಾಲೆನ್ಸರ್ ಬೇಕೇ ಬೇಕು. ಸಿಡಿತದ ಏಟು ಮೊದಲಿನಷ್ಟು ಚೂಪಾಗಿರುವುದಿಲ್ಲ, ವಾಲ್ವ್ ನಿಧಾನವಾಗಿ ತೆರೆಯುವುದರಿಂದ. ಆದರೆ ಸ್ಪೀಕರಿಗಿಂತ, ಎರಡನೇ ಸೈಲೆನ್ಸರಿಗಿಂತ ಇದು ಪ್ರಾಮಾಣಿಕ.

ಅಡ್ಡ ಬರುವುದು ತೆರಿಗೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ, ಅದರ ಮೇಲಿನದಕ್ಕೆ ಶೇ 40. ಒಂದು ಸಿಸಿ ದಾಟಿದರೂ ಬೆಲೆಯಲ್ಲಿ ಅಷ್ಟು ದೊಡ್ಡ ಕಂದಕ. ಹಾಗಾಗಿ ಟ್ವಿನ್ ಮಾಡಿದರೂ ತಲಾ 175 ಸಿಸಿಯ ಒಳಗೆ ಮಾಡಬೇಕು. ಪಿಸ್ಟನ್, ವಾಲ್ವ್, ಇಂಜೆಕ್ಟರ್ ಎಲ್ಲವೂ ಎರಡೆರಡು, ಆದಾಯ ಒಂದೇ. ಕಂಪನಿಯ ಲೆಕ್ಕಪತ್ರದವರು ಒಪ್ಪುವ ಮಾತಲ್ಲ. 334 ಸಿಸಿಯಂಥ ಎಂಜಿನ್ನುಗಳು ಈ ಗೆರೆಯ ಒಳಗೇ ಇರುವುದರಿಂದ ಮುಂದೆ ಬರುವುದೂ ಒಂಟಿ ಸಿಲಿಂಡರೇ ಆಗಿರುತ್ತದೆ ಎಂದು ಎಣಿಸುವುದೇ ಜಾಣತನ.

ಸರ್ವಿಸ್ ರಸ್ತೆಯ ಎಂಜಿನ್

ಮೈಸೂರು, ಮಂಡ್ಯದವರಿಗೆ ಇದರಲ್ಲಿ ಬೇರೆಯದೇ ಒಂದು ಲೆಕ್ಕ ಇದೆ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು, ಆಗಸ್ಟ್ 1ರಿಂದ ಅದರ ಮುಖ್ಯ ಪಥಕ್ಕೆ ಬೈಕುಗಳು ಬಂದ್. ಬೈಕಿನವನಿಗೆ ಉಳಿದದ್ದು ಪಕ್ಕದ ಸರ್ವಿಸ್ ರಸ್ತೆ: ಹಂಪು, ಕಬ್ಬಿನ ಟ್ರ್ಯಾಕ್ಟರ್, ಎದುರಿನಿಂದ ಬರುವ ಎಮ್ಮೆ, ಮದ್ದೂರಿನ ಹತ್ತಿರ ವಡೆಗೆ ನಿಂತ ಬಸ್ಸು. ಇಲ್ಲಿ 7,000 ಆರ್‌ಪಿಎಂನ ಶಕ್ತಿ ಯಾವ ಉಪಯೋಗಕ್ಕೂ ಬಾರದು. 20ಕ್ಕೆ ಇಳಿದು 55ಕ್ಕೆ ಏರುವ ಆಟ ದಿನವಿಡೀ. ನಾಲ್ಕನೇ ಗೇರಿನಲ್ಲೇ ಹಂಪು ದಾಟಿ ಗೊಣಗದೆ ಎಳೆಯುವ ಎಂಜಿನ್ ಬೇಕು, ಅಂದರೆ 2,500ರಿಂದ 4,000 ಆರ್‌ಪಿಎಂ ನಡುವೆ ತುಂಬಿಕೊಂಡ ಟಾರ್ಕ್. ಹಳೆಯ ಯೆಜ್ಡಿ ಬದುಕಿದ್ದು ಇದೇ ಜಾಗದಲ್ಲಿ. ಕಂಪನಿಯವರು ಜಾಹೀರಾತಿಗೆ ಹಿಮಾಲಯಕ್ಕೆ ಹೋಗುತ್ತಾರೆ. ಪರೀಕ್ಷೆಗೆ ಶ್ರೀರಂಗಪಟ್ಟಣದಿಂದ ಮಂಡ್ಯದವರೆಗೆ ಸರ್ವಿಸ್ ರಸ್ತೆಯಲ್ಲಿ ಒಮ್ಮೆ ಬಂದರೆ ಸಾಕು.

ಇನ್ನು ರಿಪೇರಿ. ಈಗಿನ ಗಾಡಿಯಲ್ಲಿ ಕಿಕ್ಕರ್ ಇಲ್ಲ. ಬ್ಯಾಟರಿ ಸೊರಗಿದರೆ ಸ್ಟಾರ್ಟರೂ ಇಲ್ಲ, ಫ್ಯೂಯೆಲ್ ಪಂಪಿಗೂ ಜೀವವಿಲ್ಲ. ತಳ್ಳಿ ಸ್ಟಾರ್ಟ್ ಮಾಡಿದರೂ ಪಂಪಿಗೆ ಬೇಕಾದಷ್ಟು ವೋಲ್ಟ್ ಇಲ್ಲದಿದ್ದರೆ ಪ್ರಯೋಜನವಿಲ್ಲ. ಥ್ರಾಟಲ್ ಸೆನ್ಸರೋ ಲ್ಯಾಂಬ್ಡಾ ಸೆನ್ಸರೋ ಕೈಕೊಟ್ಟರೆ ಮೀಟರಿನಲ್ಲಿ ಹಳದಿ ದೀಪ. ಅದರ ಅರ್ಥ ಓದಲು ಸ್ಕ್ಯಾನರ್ ಬೇಕು. ಇಂಜೆಕ್ಷನ್ ಬೇಡ ಎಂದು ಯಾರೂ ಹೇಳುತ್ತಿಲ್ಲ, ಈ ಗಾತ್ರದ ಎಂಜಿನ್ನಿಗೆ ಬಿಎಸ್6ನಲ್ಲಿ ಅದನ್ನು ಬಿಡುವುದು ಕಷ್ಟ. ಕೇಳಬೇಕಾದ್ದು ಸಣ್ಣ ಸಣ್ಣ ವಿಷಯ. ಸ್ಕ್ರೂ ತಿರುಗಿಸಿ ಸರಿಮಾಡಬಹುದಾದ ಟ್ಯಾಪೆಟ್ (ವಾಲ್ವಿನ ಸಂದು ಹೊಂದಿಸುವ ಜಾಗ) ಇರಲಿ. ಕ್ಯಾಮ್ ಇಳಿಸಿ ಶಿಮ್ (ಆ ಸಂದಿಗೆ ಕೂರುವ ತೆಳು ಲೋಹದ ಬಿಲ್ಲೆ) ಬದಲಿಸುವ ಕೆಲಸ ಸಣ್ಣ ಊರಿನ ಗ್ಯಾರೇಜಿಗೆ ಭಾರ. ಸ್ಕ್ಯಾನರ್ ಇಲ್ಲದೆಯೇ ದೀಪ ಮಿನುಗುವ ಎಣಿಕೆಯಲ್ಲಿ ದೋಷದ ಸಂಖ್ಯೆ ಓದುವ ವ್ಯವಸ್ಥೆ, ಅದರ ಪಟ್ಟಿ ಕನ್ನಡದಲ್ಲಿ, ಮಾಲೀಕರ ಪುಸ್ತಕದಲ್ಲಿ. ರೇಡಿಯೇಟರ್ ಇದ್ದರೆ ಅದರ ಮುಂದೆ ಕಬ್ಬಿನ ಗರಿ, ಕೆಸರು ತಡೆಯುವ ಜಾಲರಿ. ಇಷ್ಟು ಮಾಡಿದರೆ ಟ್ಯಾಂಕ್ ಮೇಲೆ ಏನು ಬರೆದರೂ ನಡೆಯುತ್ತದೆ.

ಕಬ್ಬು ಬೆರೆತ ಪೆಟ್ರೋಲು

ಹೊಸದು ಬರುವವರೆಗೆ ಹಳೆಯದನ್ನು ಉಳಿಸಿಕೊಂಡವರಿಗೆ ಈಗ ದೊಡ್ಡ ತಲೆನೋವು ಇ20. ಬಂಕಿನ ಪೆಟ್ರೋಲಿನಲ್ಲಿ ಶೇ 20 ಎಥನಾಲ್. ಕಬ್ಬು, ಕಾಕಂಬಿ, ಧಾನ್ಯದಿಂದ ಬರುವ ಆಲ್ಕೊಹಾಲ್ ಅದು, ಸಕ್ಕರೆ ನಾಡಿನವರಿಗೆ ಹೊಸತಲ್ಲ. ರೈತನಿಗೆ ಒಳ್ಳೆಯದು, ಯೆಜ್ಡಿಗೆ ಅಷ್ಟಕ್ಕಷ್ಟೆ.

ಬರೀ ಪೆಟ್ರೋಲು ಸರಿಯಾಗಿ ಸುಡಲು ಒಂದು ಪಾಲಿಗೆ 14.7 ಪಾಲು ಗಾಳಿ ಬೇಕು, ಎಥನಾಲಿಗೆ 9 ಸಾಕು, ಇ20ಗೆ ಸುಮಾರು 13.5. ಹೊಸ ಎಂಜಿನ್ನಿನ ಕಂಪ್ಯೂಟರ್ ಇದನ್ನು ತಾನೇ ಸರಿದೂಗಿಸುತ್ತದೆ. ಕಾರ್ಬುರೇಟರಿಗೆ ಗೊತ್ತಾಗುವುದಿಲ್ಲ, ಹಳೆಯ ಜೆಟ್ಟಿನಲ್ಲಿ ಮಿಶ್ರಣ ಶೇ 8ರಷ್ಟು ತೆಳುವಾಗುತ್ತದೆ. ಪ್ಲಗ್ ತೆಗೆದು ನೋಡಿ: ತುದಿ ಕಾಫಿ ಬಣ್ಣ ಇದ್ದರೆ ಸರಿ, ಸುಣ್ಣದ ಬಿಳಿ ಇದ್ದರೆ ಮೇನ್ ಜೆಟ್ ಒಂದೆರಡು ನಂಬರ್ ಏರಿಸಬೇಕು. ಪೆಟ್ರೋಲ್ ಪೈಪ್, ಕಾರ್ಬುರೇಟರಿನ ರಬ್ಬರ್ ತುಂಡುಗಳನ್ನು ಎಥನಾಲ್ ತಡೆಯುವಂಥವಕ್ಕೆ ಬದಲಿಸಬೇಕು. ಹಳೆಯ ರಬ್ಬರ್ ಮೊದಲು ಉಬ್ಬುತ್ತದೆ, ಆಮೇಲೆ ಬಿರಿಯುತ್ತದೆ.

ಇದಕ್ಕಿಂತ ಕೆಟ್ಟದ್ದು ನೀರು. ಎಥನಾಲ್ ಗಾಳಿಯ ತೇವ ಹೀರುತ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತ ಗಾಡಿಯ ಟ್ಯಾಂಕಿನಲ್ಲಿ ನೀರು ಹೆಚ್ಚಾದಾಗ ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ತಳಕ್ಕೆ ಇಳಿಯುತ್ತದೆ. 2ಟಿ ಎಣ್ಣೆ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ನಲ್ಲಿ ಇರುವುದು ತಳದಲ್ಲಿ! ಅಂದರೆ ಮೊದಲ ಕಿಕ್ಕಿಗೆ ಕಾರ್ಬುರೇಟರಿಗೆ ಹೋಗುವುದು ಎಣ್ಣೆಯಿಲ್ಲದ ನೀರು ಬೆರೆತ ಆಲ್ಕೊಹಾಲ್. ಸ್ಟಾರ್ಟ್ ಆಗದಿದ್ದರೆ ಪುಣ್ಯ, ಹೇಗೋ ಆಗಿಬಿಟ್ಟರೆ ಪಿಸ್ಟನ್‌ಗೆ ಎಣ್ಣೆ ಇಲ್ಲ. ಎರಡು ವಾರಕ್ಕಿಂತ ಹೆಚ್ಚು ನಿಲ್ಲಿಸುವುದಿದ್ದರೆ ನಲ್ಲಿ ಮುಚ್ಚಿ, ಕಾರ್ಬುರೇಟರ್ ಬಟ್ಟಲು ಖಾಲಿ ಮಾಡಿ. ತಿಂಗಳು ದಾಟಿದ್ದರೆ ನಲ್ಲಿಯಿಂದ ಕಾಲು ಲೀಟರನ್ನು ಗಾಜಿನ ಬಾಟಲಿಗೆ ಬಿಟ್ಟು ನೋಡಿ. ಎರಡು ಪದರ ಕಂಡರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಅಲುಗಾಡಿಸಿ ಮತ್ತೆ ಬೆರೆಸಬಹುದು ಎಂಬ ಆಸೆ ಬೇಡ.

ಶೋರೂಮಿಗೆ ಹೊಸದು ಬಂದ ದಿನ ಟೆಸ್ಟ್ ರೈಡನ್ನು ರಿಂಗ್ ರಸ್ತೆಯಲ್ಲಿ ತೆಗೆದುಕೊಳ್ಳಬೇಡಿ, ಅಲ್ಲಿ ಎಲ್ಲ ಗಾಡಿಯೂ ಚೆನ್ನಾಗಿಯೇ ಓಡುತ್ತದೆ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಚಾಮುಂಡಿ ಬೆಟ್ಟದ ಏರಿಗೆ ಹೋಗಿ. ಆರ್‌ಪಿಎಂ 3,000ದ ಆಸುಪಾಸಿಗೆ ಇಳಿಯುವಂತೆ ಗೇರ್ ಏರಿಸಿ, ಕ್ಲಚ್ ಮುಟ್ಟದೆ ಥ್ರಾಟಲ್ ಅರ್ಧ ತೆಗೆಯಿರಿ. ಚೈನ್ ಪಟಪಟ ಹೊಡೆದು ಗಾಡಿ ನಡುಗಿದರೆ ಟ್ಯಾಂಕ್ ಮೇಲಿನ ಹೆಸರು ಓದುವ ಅಗತ್ಯವಿಲ್ಲ. ನಡುಗದೆ ತಿರುವಿನಲ್ಲಿ ಎಳೆದುಕೊಂಡು ಹೋದರೆ, ಕೆಳಗಿಳಿದು ಬಂದು ಸೇಲ್ಸ್‌ನವರನ್ನು ಬಿಟ್ಟು ಸರ್ವಿಸ್ ವಿಭಾಗದವರನ್ನು ಹುಡುಕಿ, ಟ್ಯಾಪೆಟ್ ಎಷ್ಟು ಕಿಲೋಮೀಟರಿಗೊಮ್ಮೆ, ಸ್ಕ್ರೂವೋ ಶಿಮ್ಮೋ ಕೇಳಿ.